ಕಡಲು ಬೆಚ್ಚಗಾದಂತೆ ವಿಬ್ರಿಯೊ: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ಬಂದರೆ ಸಾಕು, ‘ಮಾಂಸ ತಿನ್ನುವ ಬ್ಯಾಕ್ಟೀರಿಯಾ’ ಅಂತ ಒಂದು ಸಂದೇಶ ವಾಟ್ಸಾಪ್‌ನಲ್ಲಿ ಸುತ್ತಾಡಲು ಶುರುವಾಗುತ್ತದೆ. ಫ್ಲೋರಿಡಾದ ಒಂದು ಸುದ್ದಿ, ಯಾರದೋ ಊದಿದ ಕಾಲಿನ ಫೋಟೊ, ಕೊನೆಗೆ ‘ಇನ್ನು ಮೀನು ತಿನ್ನಬೇಡಿ’ ಎಂಬ ಬುದ್ಧಿಮಾತು. ಸುದ್ದಿ ಸುಳ್ಳಲ್ಲ. ಬುದ್ಧಿಮಾತು ಮಾತ್ರ ಸರಿಯಿಲ್ಲ. ಈ ಕಡಲ ಬ್ಯಾಕ್ಟೀರಿಯಾಗಳ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು, ಅವಕ್ಕೆ ಉತ್ತರಗಳು ಕೆಳಗಿವೆ.

ವಿಬ್ರಿಯೊ ಅಂದರೆ ಏನು? ಅದೊಂದೇ ಬ್ಯಾಕ್ಟೀರಿಯಾನಾ?

ಒಂದಲ್ಲ, ದೊಡ್ಡ ಕುಟುಂಬ. ನೂರಕ್ಕೂ ಹೆಚ್ಚು ಜಾತಿಗಳಿವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸ್ವಲ್ಪ ಬಾಗಿದ ಪುಟ್ಟ ಕಡ್ಡಿ, ತುದಿಯಲ್ಲಿ ಒಂದು ಬಾಲ. ಆ ಬಾಲ ಬೀಸಿಕೊಂಡು ಸರಸರ ಈಜುತ್ತದೆ. ಬಹುಪಾಲು ಜಾತಿಗಳು ನಮ್ಮ ತಂಟೆಗೆ ಬರುವುದಿಲ್ಲ. ಹವಾಯಿಯ ಒಂದು ಪುಟಾಣಿ ಬೊಂಡಾಸ್ ಮೀನಿನ ಹೊಟ್ಟೆಯಡಿ ವಿಬ್ರಿಯೊ ಫಿಶೆರಿ ಎಂಬುದು ವಾಸ ಮಾಡಿಕೊಂಡು, ರಾತ್ರಿ ಬೆಳಕು ಕೊಡುತ್ತದೆ. ಬೆಳದಿಂಗಳಲ್ಲಿ ಬೊಂಡಾಸಿನ ನೆರಳು ಕೆಳಗೆ ಬೀಳದ ಹಾಗೆ ಆ ಬೆಳಕು ಕಾಪಾಡುತ್ತದೆ.

ಮನುಷ್ಯರಿಗೆ ಮುಖ್ಯವಾಗಿ ತೊಂದರೆ ಕೊಡುವುದು ಮೂರು. ಕಾಲರಾ ತರುವ ವಿಬ್ರಿಯೊ ಕಾಲರೆ. ಹಸಿ ಅಥವಾ ಅರೆಬೆಂದ ಕಡಲ ಆಹಾರದಿಂದ ವಾಂತಿ-ಭೇದಿ ತರುವ ವಿಬ್ರಿಯೊ ಪ್ಯಾರಾಹೀಮೋಲಿಟಿಕಸ್. ಗಾಯದ ಮೂಲಕ ನುಗ್ಗಿ ಜೀವಕ್ಕೇ ಸಂಚಕಾರ ತರುವ ವಿಬ್ರಿಯೊ ವಲ್ನಿಫಿಕಸ್. ಎರಡನೆಯದನ್ನು ಮೊದಲು ಗುರುತಿಸಿದ್ದು ಜಪಾನಿನ ವಿಜ್ಞಾನಿ ಫುಜಿನೊ. 1950ರಲ್ಲಿ ಒಸಾಕಾದಲ್ಲಿ ಅರೆ ಒಣಗಿಸಿದ ಸಣ್ಣ ಮೀನು ತಿಂದು 272 ಜನ ಕಾಯಿಲೆ ಬಿದ್ದರು, 20 ಮಂದಿ ಸತ್ತರು. ಅದರ ಕಾರಣ ಹುಡುಕುವಾಗ ಸಿಕ್ಕಿದ್ದು ಇದು.

ಕೊಳಚೆ ಸೇರುವ ಕಡೆ ಮಾತ್ರ ಇರುತ್ತದೆ ಅಲ್ವಾ? ಚೊಕ್ಕಟವಾದ ಬೀಚ್‌ನಲ್ಲಿ ಭಯವಿಲ್ಲ ತಾನೇ?

ಎಲ್ಲರೂ ಎಡವುವುದು ಇಲ್ಲೇ. ವಿಬ್ರಿಯೊ ಚರಂಡಿಯಿಂದ ಬಂದ ಅತಿಥಿಯಲ್ಲ. ಅದು ಕಡಲಿನ, ಅಳಿವೆಯ ಮೂಲ ನಿವಾಸಿ. ಮನುಷ್ಯರೇ ಇಲ್ಲದ ದಡದಲ್ಲೂ ಇರುತ್ತದೆ.

ನೀರಿನ ಗುಣಮಟ್ಟ ನೋಡುವವರು ಸಾಮಾನ್ಯವಾಗಿ ಹುಡುಕುವುದು ಈ-ಕೋಲಿಯಂಥ ಬ್ಯಾಕ್ಟೀರಿಯಾಗಳನ್ನು. ಅವು ಕರುಳಿನಿಂದ ಬಂದವು. ಅವು ಸಿಕ್ಕರೆ ನೀರಿಗೆ ಮಲ ಸೇರಿದೆ ಎಂದರ್ಥ. ಆದರೆ ಈ-ಕೋಲಿ ಕಡಿಮೆ ಇದೆ ಅಂದ ಮಾತ್ರಕ್ಕೆ ವಿಬ್ರಿಯೊ ಕಡಿಮೆ ಇದೆ ಅಂತ ಹೇಳಲು ಬರುವುದಿಲ್ಲ. ಎರಡಕ್ಕೂ ನೇರ ಸಂಬಂಧವಿಲ್ಲ. ‘ಈ ಬೀಚ್ ಪರೀಕ್ಷೆಯಲ್ಲಿ ಪಾಸಾಗಿದೆ’ ಎಂಬ ಬೋರ್ಡ್ ನೋಡಿ, ಕಾಲಿನಲ್ಲಿ ಹಸಿ ಗಾಯ ಇಟ್ಟುಕೊಂಡು ನೀರಿಗಿಳಿಯುವುದು ಜಾಣತನವಲ್ಲ. ಹಾಗಂತ ಕೊಳಚೆ ಬಿಟ್ಟರೂ ಪರವಾಗಿಲ್ಲ ಅಂತಲ್ಲ. ಕೊಳಚೆಯ ಪೋಷಕಾಂಶಗಳಿಂದ ಪಾಚಿ ಹೆಚ್ಚುತ್ತದೆ, ಪಾಚಿಯಿಂದ ತೇಲುಜೀವಿಗಳು ಹೆಚ್ಚುತ್ತವೆ, ಅವುಗಳ ಬೆನ್ನ ಮೇಲೆ ವಿಬ್ರಿಯೊ ಹೆಚ್ಚುತ್ತದೆ.

ಅಲ್ಲಿ ಅದು ಏನು ತಿಂದು ಬದುಕುತ್ತದೆ?

ಕೈಟಿನ್. ಏಡಿ, ಸಿಗಡಿಯ ಚಿಪ್ಪಿನಲ್ಲಿ ಇರುವ ಗಟ್ಟಿ ಪದಾರ್ಥ ಅದು. ಕಡಲಲ್ಲಿ ಕೈಟಿನ್‌ಗೆ ಬರವಿಲ್ಲ. ಕೊಪೆಪಾಡ್ ಎಂಬ, ಕಣ್ಣಿಗೆ ಚುಕ್ಕೆಯಷ್ಟೇ ಕಾಣುವ, ಸಿಗಡಿಯ ದೂರದ ನೆಂಟರು ಕೋಟಿಗಟ್ಟಲೆ ತೇಲುತ್ತಿರುತ್ತವೆ. ಬೆಳೆಯುತ್ತಾ ಮತ್ತೆ ಮತ್ತೆ ಪೊರೆ ಕಳಚುತ್ತವೆ. ಅವುಗಳ ಮೈಗೆ, ಮೊಟ್ಟೆಚೀಲಕ್ಕೆ, ಬಾಯಿಯ ಸುತ್ತ ವಿಬ್ರಿಯೊ ಅಂಟಿಕೊಳ್ಳುತ್ತದೆ. ಒಂದೇ ಒಂದು ಕೊಪೆಪಾಡ್ ಮೇಲೆ ಹತ್ತು ಸಾವಿರದವರೆಗೆ ಕಾಲರಾ ವಿಬ್ರಿಯೊಗಳು ಕೂತಿರಬಹುದು.

ಚಿಪ್ಪಿನ ಮೇಲೆ ಕೂತಾಗ ಬರೀ ಊಟ ನಡೆಯುವುದಿಲ್ಲ. 2005ರಲ್ಲಿ ಗೊತ್ತಾದ ಸಂಗತಿ ಇದು: ಕೈಟಿನ್ ಸಿಕ್ಕ ಕೂಡಲೇ ಕಾಲರಾ ವಿಬ್ರಿಯೊ ಸುತ್ತಲಿನ ನೀರಿನಲ್ಲಿ ಬಿದ್ದಿರುವ ಡಿಎನ್‌ಎ ತುಂಡುಗಳನ್ನು ಒಳಗೆ ಎಳೆದುಕೊಳ್ಳಲು ತಯಾರಾಗುತ್ತದೆ. ಜೊತೆಗೆ ಅದರ ಬಳಿ ವಿಷ ತುಂಬಿದ ಸಣ್ಣ ಈಟಿಯಂಥ ಆಯುಧವೂ ಇದೆ. ಪಕ್ಕದ ಬ್ಯಾಕ್ಟೀರಿಯಾಕ್ಕೆ ಚುಚ್ಚುತ್ತದೆ, ಅದು ಒಡೆದುಹೋಗುತ್ತದೆ, ಹೊರಬಿದ್ದ ಡಿಎನ್‌ಎ ಇದಕ್ಕೆ ದಕ್ಕುತ್ತದೆ. ಕೊಲ್ಲುವುದು, ಕೊಂದವರ ಆಸ್ತಿ ಎತ್ತಿಕೊಳ್ಳುವುದು, ಎರಡೂ ಒಂದೇ ಸ್ವಿಚ್‌ನಲ್ಲಿ. ಹೊಸ ಹೊಸ ತಳಿಗಳು ಹುಟ್ಟುವುದಕ್ಕೆ ಇದೂ ಒಂದು ದಾರಿ. ಕಾಲರಾವನ್ನು ಆಸ್ಪತ್ರೆಯಲ್ಲಿ ಮಾತ್ರ ನೋಡಿದವರಿಗೆ ಅದರ ಅರ್ಧ ಬದುಕು ಗೊತ್ತೇ ಆಗುವುದಿಲ್ಲ ಎನ್ನುವುದು ಇದಕ್ಕೇ.

ನೀರು ಬೆಚ್ಚಗಾದರೆ ಯಾಕೆ ಹೆಚ್ಚಾಗುತ್ತದೆ?

ಬಹುಪಾಲು ಬ್ಯಾಕ್ಟೀರಿಯಾಗಳಿಗೆ ಬೆಚ್ಚಗಿನ ನೀರು ಹಿತವೇ. ಆದರೆ ವಿಬ್ರಿಯೊ ಎದ್ದು ಓಡುವ ವೇಗ ಬೇರೆ. ಹೊಟ್ಟೆ ತುಂಬಾ ತಿನ್ನಲು ಸಿಕ್ಕಿ, ಬಿಸಿಯೂ ಸರಿಯಾಗಿದ್ದರೆ ಪ್ಯಾರಾಹೀಮೋಲಿಟಿಕಸ್ ಹತ್ತು ನಿಮಿಷದ ಆಸುಪಾಸಿನಲ್ಲಿ ಒಂದಿದ್ದದ್ದು ಎರಡಾಗುತ್ತದೆ. ಈ-ಕೋಲಿಗೆ ಇದಕ್ಕೆ ಇಪ್ಪತ್ತು ನಿಮಿಷ ಬೇಕು. ವಿಬ್ರಿಯೊದ ಆನುವಂಶಿಕ ಸರಕು ಎರಡು ಕ್ರೋಮೋಸೋಮ್‌ಗಳಲ್ಲಿ ಹಂಚಿಹೋಗಿದೆ. ನಕಲು ಬೇಗ ಮುಗಿಯಲು ಅದೂ ನೆರವಾಗುತ್ತದೆ ಎಂಬ ಅಭಿಪ್ರಾಯವಿದೆ.

ನೀರು ಸುಮಾರು 15 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಇವು ಕಾಣಿಸಿಕೊಳ್ಳುತ್ತವೆ. 20 ದಾಟಿದರೆ ವಲ್ನಿಫಿಕಸ್‌ಗೆ ಹಬ್ಬ. ತಣ್ಣಗಾದಾಗ ಸಾಯುತ್ತವೆ ಅಂತ ಹಿಂದೆ ಅಂದುಕೊಂಡಿದ್ದರು. ಚಳಿಗಾಲದಲ್ಲಿ ಲ್ಯಾಬ್‌ನ ತಟ್ಟೆಯಲ್ಲಿ ಏನೂ ಬೆಳೆಯುತ್ತಿರಲಿಲ್ಲ. 1982ರಲ್ಲಿ ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ರೀಟಾ ಕೋಲ್ವೆಲ್ ಅವರ ತಂಡ ಬೇರೆಯದನ್ನೇ ತೋರಿಸಿತು. ಅವು ಸತ್ತಿರುವುದಿಲ್ಲ. ಮೈ ಕುಗ್ಗಿಸಿಕೊಂಡು ಸುಮ್ನೆ ಬಿದ್ದಿರುತ್ತವೆ. ಜೀವ ಇರುತ್ತದೆ, ತಟ್ಟೆಯಲ್ಲಿ ಬೆಳೆಯುವುದಿಲ್ಲ. ನೀರು ಬೆಚ್ಚಗಾದರೆ ಮತ್ತೆ ಏಳುತ್ತವೆ. ಅಂದರೆ ಪ್ರತಿ ಬೇಸಿಗೆಗೂ ಅವು ಎಲ್ಲಿಂದಲೋ ಬರಬೇಕಿಲ್ಲ, ಅಲ್ಲೇ ಇರುತ್ತವೆ.

ಇದು ನಿಜಕ್ಕೂ ಆಗುತ್ತಿದೆಯಾ, ಅಥವಾ ಬರೀ ಊಹೆಯಾ?

ಆಗುತ್ತಿದೆ. 2004ರ ಜುಲೈನಲ್ಲಿ ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ಬೆಳೆದ ಹಸಿ ಸಿಂಪಿ ತಿಂದ ಪ್ರವಾಸಿ ಹಡಗಿನ ಜನರಿಗೆ ಪ್ಯಾರಾಹೀಮೋಲಿಟಿಕಸ್ ಅಂಟಿತು. ಅಲಾಸ್ಕಾದಲ್ಲಿ! ಆ ಬೇಸಿಗೆ ಅಲ್ಲಿನ ಸಿಂಪಿ ತೋಟದ ನೀರು 15 ಡಿಗ್ರಿ ದಾಟಿತ್ತು. ಈ ಬ್ಯಾಕ್ಟೀರಿಯಾದಿಂದ ಗುಂಪಾಗಿ ಕಾಯಿಲೆ ಬಿದ್ದ ಅತಿ ಉತ್ತರದ ಜಾಗ ಒಮ್ಮೆಲೇ 1000 ಕಿಲೋಮೀಟರ್ ಮೇಲಕ್ಕೆ ಹೋಯಿತು.

ಬಾಲ್ಟಿಕ್ ಸಮುದ್ರದ ಕಥೆ ಇನ್ನೂ ಗಟ್ಟಿ. ಅದು ಆಳವಿಲ್ಲದ, ಸುತ್ತ ನೆಲವಿರುವ, ಉಪ್ಪು ಕಡಿಮೆಯಿರುವ ಸಮುದ್ರ. ಬಿಸಿಲು ಬಿದ್ದರೆ ಮೇಲಿನ ನೀರು ಬೇಗ ಕಾಯುತ್ತದೆ. 2014ರ ಬೇಸಿಗೆಯ ಬಿಸಿಗಾಳಿಯಲ್ಲಿ ಸ್ವೀಡನ್ ಮತ್ತು ಫಿನ್‌ಲ್ಯಾಂಡ್‌ಗಳಲ್ಲಿ 89 ಸೋಂಕುಗಳು ವರದಿಯಾದವು. ಕೆಲವು ಆರ್ಕ್‌ಟಿಕ್ ವೃತ್ತದಿಂದ ಬರೀ 160 ಕಿಲೋಮೀಟರ್ ಕೆಳಗೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ 1988ರಿಂದ 2018ರ ನಡುವೆ ವಲ್ನಿಫಿಕಸ್‌ನ ಗಾಯದ ಸೋಂಕು ವರ್ಷಕ್ಕೆ ಸುಮಾರು 10 ಇದ್ದದ್ದು 80 ಆಯಿತು. ಸೋಂಕು ಕಾಣುವ ಉತ್ತರದ ಗಡಿ ವರ್ಷಕ್ಕೆ 48 ಕಿಲೋಮೀಟರ್‌ನಂತೆ ಮೇಲೇರಿತು.

ಇದಕ್ಕೆ ತಕರಾರು ತೆಗೆಯಬಹುದು. ಈಗ ಪರೀಕ್ಷೆ ಜಾಸ್ತಿ, ಅದಕ್ಕೇ ಸಂಖ್ಯೆ ಜಾಸ್ತಿ ಅಂತ. ನ್ಯಾಯವಾದ ಮಾತು. ಅದಕ್ಕೆ ಉತ್ತರ ಸಿಕ್ಕಿದ್ದು ವಿಚಿತ್ರ ಜಾಗದಲ್ಲಿ. 1931ರಿಂದ ಸರಕು ಹಡಗುಗಳ ಹಿಂದೆ ಒಂದು ಲೋಹದ ಪೆಟ್ಟಿಗೆ ಕಟ್ಟಿ ಎಳೆಯುವ ಪದ್ಧತಿ ಉತ್ತರ ಅಟ್ಲಾಂಟಿಕ್‌ನಲ್ಲಿದೆ. ಒಳಗೆ ರೇಷ್ಮೆ ಬಟ್ಟೆಯ ಸುರುಳಿ. ಹಡಗು ಹೋದಂತೆ ಸುರುಳಿ ನಿಧಾನ ಬಿಚ್ಚಿಕೊಳ್ಳುತ್ತದೆ, ತೇಲುಜೀವಿಗಳು ಅದಕ್ಕೆ ಅಂಟುತ್ತವೆ, ಆಮೇಲೆ ಕೆಡದಂತೆ ಫಾರ್ಮಲಿನ್‌ನಲ್ಲಿ ಇಡುತ್ತಾರೆ. ಯಾರೋ ತೇಲುಜೀವಿ ಎಣಿಸಲು ಇಟ್ಟುಕೊಂಡ ಈ ಹಳೆಯ ಬಟ್ಟೆಗಳಿಂದ ವಿಜ್ಞಾನಿಗಳು ಡಿಎನ್‌ಎ ತೆಗೆದರು. 1958ರಿಂದ 2011ರವರೆಗಿನ ಮಾದರಿಗಳಲ್ಲಿ ವಿಬ್ರಿಯೊದ ಪಾಲು ಏರುತ್ತಾ ಬಂದಿತ್ತು, ಕಡಲಿನ ಬಿಸಿ ಏರಿದ ಜೊತೆಜೊತೆಗೇ. ಆ ಬಟ್ಟೆ ಯಾವ ಆಸ್ಪತ್ರೆಗೂ ಹೋಗಿರಲಿಲ್ಲ. ಪರೀಕ್ಷೆ ಜಾಸ್ತಿಯಾಗಿದ್ದಕ್ಕೆ ಅಂತ ಹೇಳಲು ಅಲ್ಲಿ ಅವಕಾಶವಿಲ್ಲ.

ಅರಬ್ಬಿ ಕಡಲು ಮೊದಲಿಂದಲೂ ಬೆಚ್ಚಗೇ ಇದೆಯಲ್ಲ. ನಮಗೇನು ವ್ಯತ್ಯಾಸ?

ಬಹಳ ಒಳ್ಳೆಯ ಪ್ರಶ್ನೆ. ವಿದೇಶದ ಲೇಖನಗಳನ್ನು ಹಾಗೇ ಇಳಿಸಿಕೊಂಡು ಬರೆಯುವ ನಮ್ಮ ಸುದ್ದಿಗಳಲ್ಲಿ ಇದಕ್ಕೆ ಉತ್ತರವೇ ಸಿಗುವುದಿಲ್ಲ.

ಸ್ವೀಡನ್‌ನಲ್ಲಿ ಬಿಸಿಯೇ ಬಾಗಿಲು. ವರ್ಷದ ಬಹುಪಾಲು ಮುಚ್ಚಿರುತ್ತದೆ, ಬೇಸಿಗೆಯಲ್ಲಿ ತೆರೆಯುತ್ತದೆ. ನಮ್ಮ ದಡದಲ್ಲಿ ನೀರು ವರ್ಷವಿಡೀ 25 ಡಿಗ್ರಿಯ ಮೇಲೆಯೇ ಇರುವುದು ರೂಢಿ. ಬಾಗಿಲು ತೆರೆದೇ ಇದೆ. ಹಾಗಾಗಿ ನಮ್ಮಲ್ಲಿ ವಿಬ್ರಿಯೊದ ಏರಿಳಿತ ನಿರ್ಧರಿಸುವುದರಲ್ಲಿ ಉಪ್ಪಿನದೇ ದೊಡ್ಡ ಪಾತ್ರ.

ಅಘನಾಶಿನಿಯ ಅಳಿವೆಯನ್ನೇ ನೋಡಿ. ಅಣೆಕಟ್ಟಿಲ್ಲದ ಹೊಳೆ. ಏಪ್ರಿಲ್-ಮೇನಲ್ಲಿ ಉಬ್ಬರ ಬಂದರೆ ಉಪ್ಪುನೀರು ಗಜನಿಗಳವರೆಗೂ, ಅಂದರೆ ಅಳಿವೆ ಪಕ್ಕದ ತಗ್ಗು ಗದ್ದೆಗಳವರೆಗೂ, ಏರುತ್ತದೆ. ಜೂನ್‌ನಲ್ಲಿ ಮಳೆ ಹಿಡಿದರೆ ಅದೇ ಜಾಗದ ಮೇಲ್ನೀರು ಬಾಯಿಗೆ ಹಾಕಿಕೊಂಡರೆ ಸಪ್ಪೆ. ಮಳೆ ಕಡಿಮೆಯಾದ ಮೇಲೆ ಮತ್ತೆ ಉಪ್ಪು ನಿಧಾನಕ್ಕೆ ಏರುತ್ತದೆ. ತೆರೆದ ಕಡಲಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ವಲ್ನಿಫಿಕಸ್‌ಗೆ ಅಷ್ಟು ಬೇಡ, 5ರಿಂದ 25 ಗ್ರಾಂ ಇದ್ದರೆ ಖುಷಿ. ಕಾಲರಾ ವಿಬ್ರಿಯೊ ಇನ್ನೂ ಕಡಿಮೆ ಉಪ್ಪಿನಲ್ಲಿ ಬಾಳುತ್ತದೆ. ಪ್ಯಾರಾಹೀಮೋಲಿಟಿಕಸ್‌ಗೆ ಉಪ್ಪಿಲ್ಲದೆ ಆಗುವುದೇ ಇಲ್ಲ. ಒಂದೇ ಅಳಿವೆಯಲ್ಲಿ ತಿಂಗಳು ಬದಲಾದಂತೆ ಯಾರ ಕೈ ಮೇಲಾಗುತ್ತದೆ ಎಂಬುದೂ ಬದಲಾಗುತ್ತದೆ.

ನಮ್ಮದೇ ದಾಖಲೆಯೂ ಇದೆ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಕರಾವಳಿಯ ಎರಡು ಅಳಿವೆಗಳ ಸಿಂಪಿಯನ್ನು ಬೇರೆ ಬೇರೆ ಕಾಲದಲ್ಲಿ ಪರೀಕ್ಷಿಸಿದರು. 49 ಮಾದರಿಗಳ ಪೈಕಿ ನೂರಕ್ಕೆ 94ರಷ್ಟರಲ್ಲಿ ಪ್ಯಾರಾಹೀಮೋಲಿಟಿಕಸ್ ಇತ್ತು. ಹೆದರಬೇಡಿ, ಪೂರ್ತಿ ಓದಿ. ಕಾಯಿಲೆ ತರುವ ಮುಖ್ಯ ವಿಷದ ಜೀನ್ ಇದ್ದದ್ದು 5 ಮಾದರಿಗಳಲ್ಲಿ ಮಾತ್ರ. ಅದರಲ್ಲಿ ಒಂದರಲ್ಲಿ ಸಿಕ್ಕಿದ್ದು ಓ3:ಕೆ6 ಎಂಬ ತಳಿ. 1996ರಲ್ಲಿ ಕೋಲ್ಕತ್ತಾದಲ್ಲಿ ಎದ್ದು ಹಲವು ಖಂಡಗಳಿಗೆ ಹಬ್ಬಿದ ತಳಿ ಅದು. ಬ್ಯಾಕ್ಟೀರಿಯಾ ಎಲ್ಲ ಕಡೆ ಇರುತ್ತದೆ, ಅಪಾಯಕಾರಿ ತಳಿ ಅಲ್ಲಲ್ಲಿ ಇರುತ್ತದೆ. ‘ವಿಬ್ರಿಯೊ ಪತ್ತೆ’ ಎಂಬ ತಲೆಬರಹ ನೋಡಿದಾಗ ಯಾವ ಜಾತಿ, ವಿಷದ ಜೀನ್ ಇದೆಯಾ ಅಂತ ಮೊದಲು ಕೇಳಿ.

ಹಾಗಾದರೆ ಬಿಸಿಯಿಂದ ನಮಗೆ ಏನೂ ಆಗುವುದಿಲ್ಲವಾ? ಆಗುತ್ತದೆ, ಬೇರೆ ದಾರಿಯಲ್ಲಿ. 1901ರಿಂದ 2012ರ ನಡುವೆ ಹಿಂದೂ ಮಹಾಸಾಗರದ ಪಶ್ಚಿಮ ಭಾಗದ ಬೇಸಿಗೆಯ ನೀರು 1.2 ಡಿಗ್ರಿ ಏರಿದೆ ಎಂದು ಪುಣೆಯ ಹವಾಮಾನ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಅವರ ಸಂಗಡಿಗರು ತೋರಿಸಿದ್ದಾರೆ. ಅರಬ್ಬಿ ಕಡಲು ಕಾದಷ್ಟೂ ಮಳೆ ಸುರಿಯುವ ರೀತಿ ಬದಲಾಗುತ್ತದೆ. ಸ್ವಲ್ಪ ಸ್ವಲ್ಪವಾಗಿ ಬೀಳುತ್ತಿದ್ದ ಮಳೆ ಒಂದೇ ಸಲ ಹೊಯ್ದರೆ ಅಳಿವೆಯ ಉಪ್ಪಿನ ಲೆಕ್ಕವೂ ತಲೆಕೆಳಗು. ನಮ್ಮ ಕಡೆ ಥರ್ಮಾಮೀಟರ್‌ಗಿಂತ ಉಪ್ಪಿನ ಮಾಪಕದ ಕಡೆ ಕಣ್ಣಿಡುವುದು ಹೆಚ್ಚು ಉಪಯೋಗ ಎನ್ನುವುದು ನನ್ನ ಅಭಿಪ್ರಾಯ.

ಕಾಲರಾ ಕಡಲಿನಿಂದ ಬರುತ್ತದೋ, ಮನುಷ್ಯರಿಂದಲೋ?

ಈ ಜಗಳ ನಲವತ್ತು ವರ್ಷದಿಂದ ನಡೆಯುತ್ತಿದೆ. ಕೋಲ್ವೆಲ್ ಮತ್ತು ಜೊತೆಗಾರರು ಹೇಳಿದ್ದು: ಕಾಲರಾದ ತವರು ಬಂಗಾಳ ಕೊಲ್ಲಿಯ ಅರೆ ಉಪ್ಪು ನೀರು. ತೇಲುಜೀವಿಗಳು ಹೆಚ್ಚಿದಾಗ ಅದು ಹೆಚ್ಚುತ್ತದೆ, ಜನರಿಗೆ ಅಂಟುತ್ತದೆ. 1991ರ ಜನವರಿಯಲ್ಲಿ ಪೆರು ದೇಶದ ಕರಾವಳಿಯಲ್ಲಿ ಕಾಲರಾ ಎದ್ದಾಗ, ಆ ಒಂದೇ ವರ್ಷ ಅಲ್ಲಿ 3 ಲಕ್ಷಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದಾಗ, ಬೆಚ್ಚಗಾದ ಕಡಲೇ ಕಾರಣ ಅಂದವರು ಬಹಳ.

ಆಮೇಲೆ ಜೀನೋಮ್, ಅಂದರೆ ಒಂದು ಜೀವಿಯ ಪೂರ್ತಿ ಡಿಎನ್‌ಎ, ಓದುವುದು ಅಗ್ಗವಾಯಿತು. 2017ರಲ್ಲಿ ಬಂದ ದೊಡ್ಡ ಅಧ್ಯಯನಗಳು ಬೇರೆ ಕಥೆ ಹೇಳಿದವು. ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದ ದೊಡ್ಡ ಪಿಡುಗುಗಳೆಲ್ಲ ಒಂದೇ ವಂಶದ ತಳಿಯಿಂದ ಬಂದವು. ಅದು ಖಂಡದಿಂದ ಖಂಡಕ್ಕೆ ಮನುಷ್ಯರ ಜೊತೆ ದಾಟಿತ್ತು. ಸ್ಥಳೀಯ ನೀರಿನಲ್ಲಿದ್ದ ವಿಬ್ರಿಯೊ ಕಾಲರೆ ಅಲ್ಲೊಂದು ಇಲ್ಲೊಂದು ಭೇದಿ ತಂದಿತೇ ಹೊರತು ಪಿಡುಗಾಗಲಿಲ್ಲ.

ಎರಡೂ ಒಟ್ಟಿಗೆ ನಿಜ ಇರಬಹುದು. ಬ್ಯಾಕ್ಟೀರಿಯಾದ ಮನೆ ನೀರು. ಆದರೆ ಪಿಡುಗು ತರುವ ವಿಷದ ಜೀನ್‌ಗಳು ಮೂಲತಃ ಬ್ಯಾಕ್ಟೀರಿಯಾದವೇ ಅಲ್ಲ, ಅದರೊಳಗೆ ಸೇರಿಕೊಂಡ ವೈರಸ್‌ನವು. 1996ರಲ್ಲಿ ಇದು ಗೊತ್ತಾಯಿತು. ಆ ವಿಷ ಹೊತ್ತ ವಂಶ ಸಾವಿರಾರು ಮೈಲಿ ಪ್ರಯಾಣ ಮಾಡುವುದು ಮನುಷ್ಯರ ಕರುಳಿನಲ್ಲಿ. ಕುಡಿಯುವ ನೀರು, ಕಕ್ಕಸು ಸರಿಯಿಲ್ಲದ ಊರಿನಲ್ಲಿ ಅದಕ್ಕೆ ದಾರಿ ಸಲೀಸು. ಹವಾಮಾನದ ಮೇಲೆ ತಪ್ಪು ಹೊರಿಸಿ ನಗರಸಭೆಯವರು ಕೈ ತೊಳೆದುಕೊಳ್ಳುವಂತಿಲ್ಲ. ಅಂದಹಾಗೆ, ಆ ವಿಷವನ್ನು 1959ರಲ್ಲಿ ಮೊದಲು ತೋರಿಸಿದ್ದು ಕೋಲ್ಕತ್ತಾದ ಶಂಭುನಾಥ ಡೇ. ನೊಬೆಲ್ ಬರಲಿಲ್ಲ, ನಮ್ಮ ಪಠ್ಯಪುಸ್ತಕಗಳಲ್ಲೂ ಆ ಹೆಸರು ಹುಡುಕಬೇಕು.

ಹಳೆ ಸೀರೆಯಲ್ಲಿ ನೀರು ಸೋಸಿದರೆ ಕಾಲರಾ ತಡೆಯಬಹುದು ಅಂತಾರಲ್ಲ, ಹೌದಾ?

ಹೌದು. ಬಾಂಗ್ಲಾದೇಶದ ಮತ್ಲಬ್ ಪ್ರದೇಶದ 65 ಹಳ್ಳಿಗಳಲ್ಲಿ ಇದನ್ನು ಮಾಡಿ ನೋಡಿದರು, ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಹಳೆಯ ಹತ್ತಿ ಸೀರೆಯನ್ನು ನಾಲ್ಕು ಪದರ ಮಾಡಿ ಕೊಡದ ಬಾಯಿಗೆ ಕಟ್ಟಿ, ಹೊಳೆ-ಕೆರೆಯ ನೀರು ತುಂಬಿಸಿದರು. ಕಾಲರಾ ನೂರಕ್ಕೆ 48ರಷ್ಟು ಇಳಿಯಿತು.

ಬ್ಯಾಕ್ಟೀರಿಯಾ ಸೀರೆಯ ರಂಧ್ರಕ್ಕಿಂತ ತುಂಬಾ ಚಿಕ್ಕದು, ಸಲೀಸಾಗಿ ದಾಟಿ ಹೋಗುತ್ತದೆ. ಆದರೆ ಕೊಪೆಪಾಡ್ ದಾಟಲಾರದು. ಅದರ ಮೈ ಮೇಲೆ ಕೂತ ಸಾವಿರಾರು ವಿಬ್ರಿಯೊಗಳೂ ಅದರ ಜೊತೆಗೇ ಬಟ್ಟೆಯಲ್ಲಿ ಉಳಿಯುತ್ತವೆ. ಹೊಸ ಸೀರೆಗಿಂತ ಒಗೆದು ಒಗೆದು ಮೆತ್ತಗಾದದ್ದು ಮೇಲು. ನೂಲು ಬಿಡಿಸಿಕೊಂಡು ರಂಧ್ರ ಇನ್ನೂ ಕಿರಿದಾಗಿರುತ್ತದೆ. ಇದು ಕುದಿಸುವುದಕ್ಕೆ ಸಮ ಅಲ್ಲ. ಸೌದೆ ಇಲ್ಲದ ಕಡೆಯ ಉಪಾಯ. ಸೋಸಿದ ಮೇಲೆ ಬಟ್ಟೆಯನ್ನು ತೊಳೆದು ಬಿಸಿಲಿಗೆ ಒಣಗಿಸಬೇಕು.

ಚಂಡಮಾರುತ, ಎಲ್ ನಿನೊ ಬಂದಾಗ ಏನಾಗುತ್ತದೆ?

ಚಂಡಮಾರುತ ಉಪ್ಪುನೀರನ್ನು ಊರೊಳಗೆ ತರುತ್ತದೆ, ಊರಿನ ಕೊಚ್ಚೆಯನ್ನು ಕಡಲಿಗೆ ಒಯ್ಯುತ್ತದೆ. ನಡುವೆ ಜನ ಗಾಯಗೊಂಡ ಕಾಲಿನಲ್ಲೇ ಆ ನೀರಿನಲ್ಲಿ ನಡೆಯುತ್ತಾರೆ. ಅಮೆರಿಕದಲ್ಲಿ 2005ರ ಕತ್ರೀನಾ ಚಂಡಮಾರುತದ ನಂತರ 22 ಜನರಿಗೆ ವಿಬ್ರಿಯೊ ಸೋಂಕು ತಗುಲಿ 5 ಮಂದಿ ಸತ್ತರು. 2022ರ ಸೆಪ್ಟೆಂಬರ್ ಕೊನೆಗೆ ಇಯಾನ್ ಅಪ್ಪಳಿಸಿದ ವರ್ಷ ಫ್ಲೋರಿಡಾದಲ್ಲಿ ವಲ್ನಿಫಿಕಸ್‌ನ 74 ಪ್ರಕರಣ, 17 ಸಾವು. ಎಂದಿನ ವರ್ಷಗಳಿಗಿಂತ ಬಹಳ ಜಾಸ್ತಿ.

ಎಲ್ ನಿನೊ ಬೇರೆ ರೀತಿ. ಆಗ ಪೆಸಿಫಿಕ್‌ನ ಬೆಚ್ಚಗಿನ ನೀರು ದಕ್ಷಿಣ ಅಮೆರಿಕದ ದಡದತ್ತ ಸರಿಯುತ್ತದೆ. ಆ ನೀರಿನ ಜೊತೆ ತೇಲುಜೀವಿಗಳ ಬೆನ್ನೇರಿ ಏಷ್ಯಾದ ತಳಿಗಳೂ ಸಾಗುತ್ತವೆ ಎಂಬ ವಾದವಿದೆ. 1997ರ ಎಲ್ ನಿನೊ ಹೊತ್ತಿಗೇ ಓ3:ಕೆ6 ಪೆರು, ಚಿಲಿಗಳಲ್ಲಿ ಕಾಣಿಸಿಕೊಂಡಿತು. ಕಾಲ ಹೊಂದುತ್ತದೆ. ಹಡಗುಗಳ ತಳದಲ್ಲಿ ತುಂಬಿಸುವ ಬ್ಯಾಲಾಸ್ಟ್ ನೀರಿನಲ್ಲಿ ಬಂದಿತು ಅನ್ನುವವರೂ ಇದ್ದಾರೆ.

ಇನ್ನೊಂದು ಯಾರೂ ಊಹಿಸದ ಕಾರಣ ಸಹಾರಾದ ಧೂಳು. ಅದರಲ್ಲಿ ಕಬ್ಬಿಣ ಇರುತ್ತದೆ, ವಿಬ್ರಿಯೊ ಬೆಳೆಯಲು ಕಬ್ಬಿಣ ಬೇಕು. ಅಟ್ಲಾಂಟಿಕ್ ದಾಟಿ ಬಂದ ಧೂಳು ಫ್ಲೋರಿಡಾ ಕೀಸ್ ದ್ವೀಪಗಳ ನೀರಿಗೆ ಬಿದ್ದಾಗ, ಅಲ್ಲಿನ ಬ್ಯಾಕ್ಟೀರಿಯಾಗಳಲ್ಲಿ ನೂರಕ್ಕೆ ಒಂದರಷ್ಟಿದ್ದ ವಿಬ್ರಿಯೊ ಒಂದು ದಿನದಲ್ಲೇ ಇಪ್ಪತ್ತರಷ್ಟಾಗಿತ್ತು.

‘ಮಾಂಸ ತಿನ್ನುವ ಬ್ಯಾಕ್ಟೀರಿಯಾ’ ನಿಜವಾ? ಯಾರಿಗೆ ಅಪಾಯ?

ವಲ್ನಿಫಿಕಸ್ ಬಗ್ಗೆ ಹೇಳುವ ಮಾತು ಅದು. ತಿನ್ನುವುದಿಲ್ಲ, ಕೊಳೆಸುತ್ತದೆ. ಕಡಲಿನಲ್ಲಿ ಹಳೆ ಗಾಯ ನೆನೆದಾಗ, ಅಥವಾ ಮೀನಿನ ಮುಳ್ಳು, ಏಡಿಯ ಕೊಂಡಿ, ಸಿಂಪಿಯ ಅಂಚು ಚುಚ್ಚಿದಾಗ ಒಳಗೆ ಹೋಗುತ್ತದೆ. ಹಸಿ ಸಿಂಪಿ ತಿಂದಾಗಲೂ ರಕ್ತಕ್ಕೆ ಸೇರಬಹುದು. ಗಂಟೆಗಳಲ್ಲಿ ಕೆಂಪಗೆ ಊದಿ, ನೀಲಿ-ನೇರಳೆ ಬೊಬ್ಬೆಗಳೇಳುತ್ತವೆ. ಗಾಯ ನೋಡಲು ಚಿಕ್ಕದು, ನೋವು ಮಾತ್ರ ತಡೆಯಲಾರದಷ್ಟು. ಸೋಂಕು ತಗುಲಿದವರಲ್ಲಿ ಸುಮಾರು ಐವರಲ್ಲಿ ಒಬ್ಬರು ಸಾಯುತ್ತಾರೆ, ಕೆಲವರು ಒಂದೆರಡು ದಿನದಲ್ಲೇ.

ಆದರೆ ಅಪರೂಪ. ಆರೋಗ್ಯವಂತರ ರಕ್ತದಲ್ಲಿ ಕಬ್ಬಿಣ ಪ್ರೋಟೀನ್‌ಗಳ ಹಿಡಿತದಲ್ಲಿ ಭದ್ರವಾಗಿರುತ್ತದೆ, ವಲ್ನಿಫಿಕಸ್‌ಗೆ ಸುಲಭಕ್ಕೆ ಸಿಗುವುದಿಲ್ಲ. ಲಿವರ್ ಹಾಳಾದವರು, ಕುಡಿತದಿಂದ ಸಿರೋಸಿಸ್ ಆದವರು, ಮೈಯಲ್ಲಿ ಕಬ್ಬಿಣ ತುಂಬಿಕೊಳ್ಳುವ ಕಾಯಿಲೆ ಇರುವವರು, ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಥಲಸೀಮಿಯಾದವರು, ಸಕ್ಕರೆ ಕಾಯಿಲೆಯವರು ಹುಷಾರಾಗಿರಬೇಕು. ಮೀನು ಕತ್ತರಿಸುವಾಗ ಕೈಗವಸು ಹಾಕಿಕೊಳ್ಳಿ. ಗಾಯ ಇದ್ದರೆ ನೀರು ಹೋಗದಂಥ ಪಟ್ಟಿ ಕಟ್ಟಿ. ಕಡಲ ನೀರು ತಾಗಿದ ಗಾಯವನ್ನು ತಕ್ಷಣ ಸೋಪು ಹಾಕಿ ತೊಳೆಯಿರಿ. ಊತ ಬೇಗ ಬೇಗ ಹಬ್ಬಿದರೆ ಬೆಳಗಾಗಲಿ ಅಂತ ಕಾಯಬೇಡಿ. ಡಾಕ್ಟರ ಹತ್ತಿರ ಹೋದ ಕೂಡಲೇ ‘ಉಪ್ಪುನೀರು ತಾಗಿತ್ತು’ ಅಂತ ಬಾಯಿಬಿಟ್ಟು ಹೇಳಿ. ಆ ಒಂದು ಮಾತಿನಿಂದ ಕೊಡುವ ಆ್ಯಂಟಿಬಯೋಟಿಕ್ಕೇ ಬದಲಾಗಬಹುದು.

ಮೀನು, ಮರುವಾಯಿ ತಿನ್ನಬಹುದಾ ಬೇಡವಾ?

ಧಾರಾಳವಾಗಿ ತಿನ್ನಿ. ನಮ್ಮ ಕರಾವಳಿಯ ಅಡುಗೆಯೇ ದೊಡ್ಡ ರಕ್ಷಣೆ. ಮರುವಾಯಿ ಸುಕ್ಕವನ್ನಾಗಲಿ, ಬಳಚಿನ ಸಾರನ್ನಾಗಲಿ ಯಾರೂ ಹಸಿ ತಿನ್ನುವುದಿಲ್ಲ. ಚಿಪ್ಪು ಬಾಯಿ ಬಿಟ್ಟ ಮೇಲೂ 3ರಿಂದ 5 ನಿಮಿಷ ಕುದಿಸಿ. ಬಾಯಿ ಬಿಡದ್ದನ್ನು ಎಸೆಯಿರಿ. ಹಸಿ ಸಿಂಪಿ ಬಡಿಸುವ ದೊಡ್ಡ ಹೋಟೆಲ್‌ಗಳಲ್ಲಿ ಮಾತ್ರ, ಅದರಲ್ಲೂ ಲಿವರ್ ತೊಂದರೆ ಇದ್ದರೆ, ಆ ತಟ್ಟೆ ಬೇಡ.

ಚಿಪ್ಪುಜೀವಿಗಳಲ್ಲೇ ಯಾಕೆ ಜಾಸ್ತಿ? ಅವು ದಿನವಿಡೀ ನೀರು ಸೋಸುತ್ತಾ ಕೂತಿರುತ್ತವೆ. ನೀರಿನಲ್ಲಿದ್ದ ವಿಬ್ರಿಯೊ ಅವುಗಳ ಮೈಯಲ್ಲಿ ನೂರು ಪಟ್ಟು ಸೇರಿಕೊಳ್ಳಬಹುದು. ಒಂದೆರಡು ದಿನ ಶುದ್ಧ ನೀರಿನಲ್ಲಿಟ್ಟು ಕಕ್ಕಿಸಿದರೆ ಈ-ಕೋಲಿ ಹೋಗುತ್ತದೆ, ವಿಬ್ರಿಯೊ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಇದಕ್ಕಿಂತ ಮುಖ್ಯ, ಹಿಡಿದ ಮೇಲೆ ಏನು ಮಾಡುತ್ತೇವೆ ಎಂಬುದು. 26 ಡಿಗ್ರಿಯಲ್ಲಿ ಬಿಟ್ಟ ಸಿಂಪಿಯಲ್ಲಿ ಪ್ಯಾರಾಹೀಮೋಲಿಟಿಕಸ್ 10 ಗಂಟೆಯಲ್ಲಿ 50 ಪಟ್ಟಾಗಿತ್ತು, 24 ಗಂಟೆಯಲ್ಲಿ 790 ಪಟ್ಟು. ಇದು ಅಮೆರಿಕದ ಸಿಂಪಿಯ ಲೆಕ್ಕ. ಮೇ ತಿಂಗಳ ನಮ್ಮ ಮಾರ್ಕೆಟಿನಲ್ಲಿ 26 ಡಿಗ್ರಿ ಎಂದರೆ ತಂಪು! ಐಸ್‌ಗೆ ಜಿಪುಣತನ ಮಾಡುವ ಮಾರಾಟಗಾರರ ಹತ್ತಿರ ಬುಟ್ಟಿಯ ತಳದ ಸಿಗಡಿಯನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಬಿಟ್ಟು ಬನ್ನಿ. ಮನೆಯಲ್ಲಿ ಹಸಿ ಮೀನು ಹೆಚ್ಚಿದ ಮಣೆಯಲ್ಲೇ ಸೌತೆಕಾಯಿ ಹೆಚ್ಚಬೇಡಿ. ಮೀನನ್ನು ನಲ್ಲಿಯ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯುವ ನಮ್ಮ ರೂಢಿ ಒಳ್ಳೆಯದೇ, ಉಪ್ಪಿಲ್ಲದ ನೀರು ಪ್ಯಾರಾಹೀಮೋಲಿಟಿಕಸ್‌ಗೆ ಆಗಿಬರುವುದಿಲ್ಲ.

ನಿಂಬೆರಸ ಹಿಂಡಿದರೆ ಸಾಯುತ್ತದೆ ಅಂತಾರೆ?

ಇಲ್ಲ. ಖಾರದ ಸಾಸ್‌ನಿಂದಲೂ ಇಲ್ಲ, ಜೊತೆಗೆ ಕುಡಿಯುವ ಪೆಗ್‌ನಿಂದಂತೂ ಇಲ್ಲವೇ ಇಲ್ಲ.

ಸಿಗಡಿ ಕೃಷಿಕರಿಗೆ ಇದರಿಂದ ಏನು ತೊಂದರೆ?

ಮನುಷ್ಯರಿಗಿಂತ ಜಾಸ್ತಿ ತೊಂದರೆ ಸಿಗಡಿಗೇ. 2009ರಲ್ಲಿ ಚೀನಾದಲ್ಲಿ ಶುರುವಾಗಿ ವಿಯೆಟ್ನಾಂ, ಥಾಯ್ಲೆಂಡ್, ಮೆಕ್ಸಿಕೋಗಳಿಗೆ ಹಬ್ಬಿದ ಕಾಯಿಲೆಯಲ್ಲಿ, ಕೊಳಕ್ಕೆ ಮರಿ ಬಿಟ್ಟ ತಿಂಗಳೊಳಗೇ ಸಿಗಡಿಗಳು ರಾಶಿ ರಾಶಿ ಸತ್ತವು. ಮೊದಲು ಕಾರಣವೇ ತಿಳಿಯಲಿಲ್ಲ. 2013ರಲ್ಲಿ ಅರಿಜೋನಾದ ಡೊನಾಲ್ಡ್ ಲೈಟ್ನರ್ ತಂಡ ಗುರುತು ಹಿಡಿಯಿತು. ಅದೇ ಪ್ಯಾರಾಹೀಮೋಲಿಟಿಕಸ್. ಆದರೆ ಅದರೊಳಗೆ ಒಂದು ಪ್ಲಾಸ್ಮಿಡ್, ಅಂದರೆ ಪುಟ್ಟ ಉಂಗುರದಂಥ ಡಿಎನ್‌ಎ ತುಂಡು, ಸೇರಿಕೊಂಡಿತ್ತು, ಅದರಲ್ಲಿ ಕೀಟಗಳನ್ನು ಕೊಲ್ಲುವ ಬ್ಯಾಕ್ಟೀರಿಯಾದ ವಿಷವನ್ನು ಹೋಲುವ ಜೋಡಿ ವಿಷ. ಮನುಷ್ಯರಿಗೆ ಭೇದಿ ತರುವ ತಳಿ ಬೇರೆ, ಸಿಗಡಿ ಕೊಲ್ಲುವ ತಳಿ ಬೇರೆ.

ನಮ್ಮ ದೇಶದಲ್ಲಿ ಹಳೆಯ ಶತ್ರು ವಿಬ್ರಿಯೊ ಹಾರ್ವೆಯಿ. ಕತ್ತಲಲ್ಲಿ ಹ್ಯಾಚರಿಯ ತೊಟ್ಟಿ ನೋಡಿದರೆ ಸಾಯುತ್ತಿರುವ ಮರಿಗಳು ಮಂಕಾಗಿ ಹೊಳೆಯುತ್ತಿರುತ್ತವೆ. ಹೊಳೆಯುತ್ತಿರುವುದು ಮರಿಯಲ್ಲ, ಅದರೊಳಗಿನ ಬ್ಯಾಕ್ಟೀರಿಯಾ. ಮಂಗಳೂರಿನ ವಿಜ್ಞಾನಿಗಳಾದ ಕರುಣಾಸಾಗರ್ ದಂಪತಿ ಮತ್ತು ಸಂಗಡಿಗರು 1994ರಲ್ಲೇ ಆ್ಯಂಟಿಬಯೋಟಿಕ್‌ಗೆ ಬಗ್ಗದ ಹಾರ್ವೆಯಿಯಿಂದ ಹ್ಯಾಚರಿಯ ಮರಿಗಳು ಸಾಮೂಹಿಕವಾಗಿ ಸತ್ತದ್ದನ್ನು ವರದಿ ಮಾಡಿದ್ದರು. ಔಷಧಿ ಸುರಿದಷ್ಟೂ ಬಗ್ಗದ ತಳಿಗಳೇ ಉಳಿಯುತ್ತವೆ. ಕೊಳದ ತಳದಲ್ಲಿ ಕೊಳೆಯುವ ಮೇವು ಕಡಿಮೆ ಮಾಡುವುದು, ಮರಿಗಳನ್ನು ದಟ್ಟವಾಗಿ ತುಂಬದಿರುವುದು ಔಷಧಿಗಿಂತ ಅಗ್ಗ, ಹೆಚ್ಚು ಕಾಲ ಬಾಳುವಂಥದ್ದೂ ಹೌದು.

ಇಷ್ಟು ಬೇಗ ಬೆಳೆಯುವುದಾದರೆ ಕಡಲು ಪೂರ್ತಿ ವಿಬ್ರಿಯೊ ಆಗಬೇಕಿತ್ತಲ್ಲ?

ಅದನ್ನು ತಿನ್ನುವವರೂ ಇದ್ದಾರೆ. ಏಕಕೋಶ ಜೀವಿಗಳು ನುಂಗುತ್ತವೆ. ಬ್ಯಾಕ್ಟೀರಿಯಾವನ್ನೇ ಬೇಟೆಯಾಡುವ ವೈರಸ್‌ಗಳು, ಅಂದರೆ ಫೇಜ್‌ಗಳು, ವಿಬ್ರಿಯೊ ಹೆಚ್ಚಿದಷ್ಟೂ ತಾವೂ ಹೆಚ್ಚುತ್ತವೆ. ಢಾಕಾದ ನೀರಿನಲ್ಲಿ ಇದನ್ನು ಅಳೆದು ನೋಡಿದ್ದಾರೆ. ಫೇಜ್ ಏರಿದಾಗ ಕಾಲರಾ ಇಳಿಯುತ್ತಿತ್ತು. ತೆರೆದ ಕಡಲಿನಲ್ಲಿ ತಿನ್ನಲು ಸಿಗುವುದೂ ಕಡಿಮೆ. ಸಾಮಾನ್ಯ ದಿನಗಳಲ್ಲಿ ಅಲ್ಲಿನ ಬ್ಯಾಕ್ಟೀರಿಯಾಗಳಲ್ಲಿ ವಿಬ್ರಿಯೊ ನೂರಕ್ಕೆ ಒಂದೂ ಇರುವುದಿಲ್ಲ.

ಅಪಾಯದ ದಿನಗಳನ್ನು ಮೊದಲೇ ಹೇಳಬಹುದಾ?

ಸ್ವಲ್ಪ ಮಟ್ಟಿಗೆ. ಯುರೋಪಿನ ರೋಗ ನಿಯಂತ್ರಣ ಕೇಂದ್ರ ಒಂದು ನಕ್ಷೆ ಇಟ್ಟಿದೆ. ಉಪಗ್ರಹದಿಂದ ಬಂದ ಕಡಲಿನ ಬಿಸಿ, ಜೊತೆಗೆ ಉಪ್ಪಿನ ಲೆಕ್ಕ ಸೇರಿಸಿ ಯಾವ ದಡದಲ್ಲಿ ವಿಬ್ರಿಯೊಗೆ ಅನುಕೂಲ ಇದೆ ಅಂತ ತೋರಿಸುತ್ತದೆ. ಅದನ್ನು ತೆರೆದು ನಮ್ಮ ಕರಾವಳಿಯತ್ತ ಸರಿಸಿ ನೋಡಿ ಗಾಬರಿಯಾದವರು ಇದ್ದಾರೆ. ಗಾಬರಿ ಬೇಡ. ಆ ಲೆಕ್ಕ ಬಾಲ್ಟಿಕ್‌ಗಾಗಿ ಹೊಂದಿಸಿದ್ದು, ಬೇರೆ ಕಡೆ ಪರೀಕ್ಷಿಸದೆ ಬಳಸಬೇಡಿ ಅಂತ ಅವರೇ ಹೇಳುತ್ತಾರೆ.

ನಮಗೆ ಬೇಕಾದ್ದು ನಮ್ಮ ಅಳಿವೆಗಳ ಲೆಕ್ಕ. ಅದಕ್ಕೆ ಎರಡು ಕಡೆಯಿಂದ ಮಾಹಿತಿ ಬರಬೇಕು. ಒಂದು, ನೀರಿನಿಂದ: ವಾರಕ್ಕೊಮ್ಮೆ ಉಪ್ಪು, ಬಿಸಿ, ಚಿಪ್ಪುಜೀವಿಗಳ ಮಾದರಿ. ಇನ್ನೊಂದು, ಆಸ್ಪತ್ರೆಯಿಂದ. ಅದು ಈಗ ಬಹಳ ಸೊರಗಿದೆ. ವಿಬ್ರಿಯೊ ಹಿಡಿಯಲು ಟಿಸಿಬಿಎಸ್ ಎಂಬ ಹಸಿರು ಬಣ್ಣದ ಅಗರ್ ತಟ್ಟೆ ಬೇಕು. ಅದರ ಮೇಲೆ ಕಾಲರಾ ವಿಬ್ರಿಯೊ ಹಳದಿ ಚುಕ್ಕೆಗಳಾಗಿ ಬೆಳೆಯುತ್ತದೆ, ಪ್ಯಾರಾಹೀಮೋಲಿಟಿಕಸ್ ನೀಲಿಹಸಿರಾಗಿ. ಖರ್ಚು ಹೆಚ್ಚಿಲ್ಲ. ಆದರೆ ಡಾಕ್ಟರು ಬರೆಯದಿದ್ದರೆ ಎಷ್ಟೋ ಲ್ಯಾಬ್‌ಗಳು ಆ ತಟ್ಟೆ ಹಾಕುವುದೇ ಇಲ್ಲ. ‘ಫುಡ್ ಪಾಯ್ಸನ್’ ಅಂತ ಬರೆದು ಮಾತ್ರೆ ಕೊಟ್ಟು ಕಳಿಸುತ್ತಾರೆ. ಸಿಗಡಿಯೋ ಮರುವಾಯಿಯೋ ತಿಂದ ಮಾರನೇ ದಿನ ಜೋರು ಭೇದಿಯಾಗಿ ಆಸ್ಪತ್ರೆಗೆ ಹೋದರೆ ಏನು ತಿಂದಿರಿ ಅಂತ ಹೇಳಿ, ಮಲಪರೀಕ್ಷೆಗೆ ಟಿಸಿಬಿಎಸ್ ಹಾಕ್ತೀರಾ ಅಂತ ಕೇಳಿ.